ಪಪ್ಪಾಯಿ ಎಲೆಯ ರಸ

ನಮ್ಮ ಅತ್ತೆ ಹಂಪಕ್ಕನ ಬೆರಳ ತುದಿಗಳು ಕೆಂಪಾಗಿ ಉರಿಯತೊಡಗಿ ತಿಂಗಳಾಗಿತ್ತು. ಹಡಗಲಿಯಲ್ಲಿ ನಲವತ್ತು ವರ್ಷ ಮಲ್ಲಿಗೆ ಕಟ್ಟಿದ ಕೈ. ಈಗ ದಾರ ಬಿಗಿಯುವಾಗ ಹಲ್ಲು ಕಚ್ಚುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದೆವು. ಲ್ಯಾಬಿನ ಶಹಬಾಜ ವರದಿ ಕೊಡುತ್ತ, "ಪ್ಲೇಟ್ಲೆಟ್ ಸರಿ ಇಲ್ರಿ ಅಕ್ಕಾರ, ದಾವಣಗೆರಿಗೆ ತೋರಿಸ್ರಿ" ಎಂದ. ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿದಾಗ ನಾಲ್ಕು ದಿನ ಬಿಟ್ಟು ಬರಲು ಹೇಳಿದರು.

ಹೋದ ವರ್ಷ ನನ್ನ ಗಂಡನಿಗೆ ಡೆಂಗಿ ಬಂದಾಗ ಓಣಿಯವರೆಲ್ಲ ಪಪ್ಪಾಯಿ ಎಲೆ ತಂದುಕೊಟ್ಟಿದ್ದರು. ಪ್ಲೇಟ್ಲೆಟ್ ಅಂದರೆ ಇಳಿಯುವುದು, ಅದನ್ನು ಏರಿಸಬೇಕು. ನಮಗೆ ಗೊತ್ತಿದ್ದುದು ಅಷ್ಟೇ. ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಪಾಸಾದ ನಾನಾದರೂ ವರದಿ ಓದಬೇಕಿತ್ತು. ಓದದೆ ಮೂರು ಮುಂಜಾನೆ ಎಲೆ ಅರೆದು ರಸ ಕೊಟ್ಟೆ.

ಓದಿದ್ದು ದಾವಣಗೆರೆ ಬಸ್ಸಿನಲ್ಲಿ. ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕಾದದ್ದು ಒಂಬತ್ತು ಲಕ್ಷ ನಲವತ್ತು ಸಾವಿರ ಇತ್ತು. ಹೆಚ್ಚಿದ್ದನ್ನು ನಾನು ಇನ್ನೂ ಏರಿಸಿದೆನೇ? ಪಕ್ಕದಲ್ಲಿ ಅತ್ತೆ ತೂಕಡಿಸುತ್ತಿದ್ದಳು. ಅವಳ ಮುಖ ನೋಡಲಾಗಲಿಲ್ಲ.

ಡಾಕ್ಟರಮ್ಮ ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟೆ.

"ಅದು ರಸಕ್ಕಿಂತ ಮುಂಚೆ ಬಂದ ಲೆಕ್ಕ ಅಲ್ವಾ? ನಿಮ್ಮಿಂದ ಆಗಿದ್ದಲ್ಲ. ಆದ್ರೆ ಇನ್ನು ಕೊಡಬೇಡಿ" ಎಂದರು. ಈ ಪ್ಲೇಟ್ಲೆಟ್ ಕಣಗಳು ಅತಿಯಾದರೆ ರಕ್ತ ಹೆಪ್ಪುಗಟ್ಟಬಹುದು, ಬೆರಳ ಉರಿಯೂ ಅದರಿಂದಲೇ ಇರಬಹುದು, ಕಾರಣ ತಿಳಿಯಲು ಇನ್ನೂ ಪರೀಕ್ಷೆ ಬೇಕು ಎಂದು ವಿವರಿಸಿದರು.

ಅತ್ತೆ ನನ್ನತ್ತ ತಿರುಗಿದಳು. "ಅಳಬ್ಯಾಡಲೇ ಮಾಲಾ. ನಾ ಎಲ್ಲಿ ಕುಡಿದೀನಿ? ಒಂದು ಗುಟುಕು ಬಾಯಾಗ ಹಾಕ್ಕೊಂಡು ಉಳಿದಿದ್ದೆಲ್ಲ ಬಚ್ಚಲಿಗೆ ಹೊಯ್ದೀನಿ. ಬೇವಿಗಿಂತ ಕಹಿ ಐತಿ ಅದು."

"ಮತ್ತ ಹೇಳಬಾರದೇನತ್ತಿ?"

"ಹೆಂಗ ಹೇಳಲಿ? ನಸುಕಿಗೇ ಎದ್ದು ಅರೀತಿದ್ದಿ. ನಾ ಹೆತ್ತ ಮಗ ಹಂಗ ಒಂದು ಲೋಟ ನೀರೂ ಕೊಟ್ಟಿಲ್ಲ."

ಡಾಕ್ಟರಮ್ಮ ನಕ್ಕರು. "ಗುಳಿಗೆ ಮಾತ್ರ ಬಚ್ಚಲಿಗೆ ಹಾಕಬೇಡಿ ಅಜ್ಜಿ."

ಮುಂದಿನ ಪರೀಕ್ಷೆಗಳಲ್ಲಿ ಮೂಳೆಯೊಳಗೆ ರಕ್ತ ತಯಾರಾಗುವಲ್ಲಿಯೇ ದೋಷವಿದೆಯೆಂದು ಗೊತ್ತಾಯಿತು. ಪೂರ್ತಿ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿ ಇಡಬಹುದು ಎಂದರು. ರಕ್ತ ಹೆಪ್ಪುಗಟ್ಟದಂತೆ ಒಂದು ಸಣ್ಣ ಗುಳಿಗೆ, ಕಣ ಇಳಿಸಲು ಇನ್ನೊಂದು. ಆಗಾಗ ಶಹಬಾಜನ ಹತ್ತಿರ ರಕ್ತ ಕೊಡಬೇಕು. ಹೋದ ಸಲ ನಾಲ್ಕು ಲಕ್ಷ ಇಪ್ಪತ್ತು ಸಾವಿರವಿತ್ತು. ಮೂರು ಸಲ ಓದಿ, ಆಮೇಲೆ ಅತ್ತೆಗೆ ಹೇಳಿದೆ.

ಈಗಲೂ ಗುಳಿಗೆ ಕೊಡುವಾಗ ಹೆಸರು ತಪ್ಪಿದೆನೇನೋ ಎಂದು ಡಾಕ್ಟರಮ್ಮನ ಚೀಟಿ ತೆಗೆದು ಮತ್ತೆ ಓದುತ್ತೇನೆ. ಅತ್ತೆ ಹೂವಿನ ಬುಟ್ಟಿ ಬದಿಗಿಟ್ಟು, ನಾನು ಚೀಟಿ ಓದಿ ಮುಗಿಸುವವರೆಗೂ ಕೈಚಾಚಿ ಕೂತಿರುತ್ತಾಳೆ. ಆ ತಾಳ್ಮೆಯ ಋಣ ನನ್ನ ಮೇಲಿದೆ.