ಎರಡನೇ ಭಾನುವಾರದ ಸನ್ಮಾನ

ಟೈಲರಕ್ಕ ಎಂಟೂಕಾಲಿಗೆ ಬಂದಾಗ ಹಾಲ್‌ನಲ್ಲಿ ಮಂಚಗಳಿರಲಿಲ್ಲ. ಆರನ್ನೂ ಮಡಚಿ ಶೌಚಾಲಯದ ಗೋಡೆಗೆ ಒರಗಿಸಿದ್ದರು. ಒಳಗೆ ಕುರ್ಚಿಗಳ ಸಾಲು, ವೇದಿಕೆ, ಅದರ ಹಿಂದೆ ಆಳೆತ್ತರದ ಬ್ಯಾನರು. ಬ್ಯಾನರಿನಲ್ಲಿ ಅವಳದೇ ಮುಖ.

ಹತ್ತೊಂಬತ್ತು ವರ್ಷಗಳಿಂದ ಪ್ರತಿ ಎರಡನೇ ಭಾನುವಾರ ನಾಗರಿಕ ಸಂಘದ ಈ ಹಾಲ್‌ನಲ್ಲಿ ರಕ್ತದಾನ ಶಿಬಿರ ನಡೆಸುತ್ತಿದ್ದವಳು ಅವಳು. ದಾನಿಗಳ ಪಟ್ಟಿ ಇದ್ದದ್ದು ಅಂಗಡಿಯ ಅಳತೆ ಪುಸ್ತಕದಲ್ಲೇ, ಹಿಂದಿನ ಪುಟಗಳಿಂದ. ಎದೆ ಎಂದಿದ್ದಲ್ಲಿ ರಕ್ತದ ಗುಂಪು, ಸೊಂಟ ಎಂದಿದ್ದಲ್ಲಿ ಕೊನೆಯ ಸಲ ಕೊಟ್ಟ ದಿನ, ತೋಳಿನ ಜಾಗದಲ್ಲಿ ಮುಂದಿನ ಸರದಿ. ತುಂಟರು ಅವಳಿಗೆ ‘ಸೊಳ್ಳೆಯಕ್ಕ’ ಎಂದು ಹೆಸರಿಟ್ಟಿದ್ದರು. ಅವಳೇನೂ ಬೇಜಾರು ಮಾಡಿಕೊಂಡಿರಲಿಲ್ಲ.

“ಹೇಗಿದೆ ಅಕ್ಕಾ? ಒಂದು ಮಾತೂ ಸೋರಿಕೆ ಆಗದ ಹಾಗೆ ನೋಡ್ಕೊಂಡ್ವಿ!” ಸಂಘದ ಅಧ್ಯಕ್ಷರು ಮುಖ ಅರಳಿಸಿಕೊಂಡು ಬಂದರು.

“ಬ್ಲಡ್ ಬ್ಯಾಂಕಿನ ವ್ಯಾನ್ ಎಲ್ಲಿ?”

“ಬರಬೇಡಿ ಅಂದ್ಬಿಟ್ವಿ. ಇರೋದೊಂದೇ ಹಾಲು. ನಿಮಗೆ ಸನ್ಮಾನ ಅಂದ್ಮೇಲೆ ಎರಡನೇ ಭಾನುವಾರವೇ ಆಗ್ಬೇಕು ಅಂತ ಕಮಿಟಿಯಲ್ಲಿ ಎಲ್ಲರೂ ಪಟ್ಟು ಹಿಡಿದ್ರು. ನಿಮ್ಮ ದಿನ ಅಲ್ವಾ!”

“ಮತ್ತೆ ದಾನಿಗಳು?”

“ಬಂದ್ರು. ಕೂತು ಚಪ್ಪಾಳೆ ಹೊಡೀರಿ ಅಂದ್ವಿ. ಬಡಗಿ ಮಾತ್ರ ನಿಲ್ಲಲಿಲ್ಲ, ಒಂಬತ್ತರ ಬಸ್ಸಿಗೆ ಹೋಗ್ತೀನಿ ಅಂದ.”

ಮದುಮಗನನ್ನು ಮನೆಗೆ ಕಳಿಸಿ ಮದುವೆಗೆ ಚಪ್ಪರ ಹಾಕಿದ ಹಾಗಾಯಿತು. ಪಟ್ಟಿಯಲ್ಲಿ ಓ ನೆಗೆಟಿವ್ ಇದ್ದವರಲ್ಲಿ ಈ ತಿಂಗಳು ಸರದಿ ಬಂದಿದ್ದು ಆ ಬಡಗಿ ಒಬ್ಬನದೇ. ಏಳು ವರ್ಷದ ಹುಡುಗಿಯೊಬ್ಬಳಿಗೆ ನಾಳೆ ಬೆಳಿಗ್ಗೆ ಆ ರಕ್ತ ಏರಿಸಬೇಕಿತ್ತು. ಮೂರು ವಾರಕ್ಕೊಮ್ಮೆ ಏರಿಸದಿದ್ದರೆ ಆ ಮಗು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

ಆ ಹುಡುಗಿಯ ತಾಯಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಕೈಯಲ್ಲೊಂದು ಹಾಳೆ.

“ನೀನಿಲ್ಲಿ ಏನ್ ಮಾಡ್ತಿದೀಯೇ?”

“ನಿಮ್ಮ ಬಗ್ಗೆ ಎರಡು ಮಾತಾಡು ಅಂದ್ರು, ಅಕ್ಕಾ. ಬರೆದೂ ಕೊಟ್ಟಿದ್ದಾರೆ.”

“ನಾಳೆಗೆ ರಕ್ತ?”

ಅವಳ ಕಣ್ಣು ತುಂಬಿತು. “ಕೇಳೋಣ ಅಂದ್ಕೊಂಡೆ. ನಿಮ್ಮ ಕಾರ್ಯಕ್ರಮ, ನಾನ್ಯಾಕೆ ಅಪಶಕುನ ನುಡೀಲಿ ಅಂತ...”

ಟೈಲರಕ್ಕನಿಗೆ ನಖಶಿಖಾಂತ ಉರಿಯಿತು. ವೇದಿಕೆ ಹತ್ತಿ, ಸ್ವಾಗತ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಕಾರ್ಯದರ್ಶಿಯ ಕೈಯಿಂದ ಮೈಕು ಕಿತ್ತುಕೊಂಡಳು.

“ಸರದಿ ಇರೋರು ಎದ್ದು ಆಸ್ಪತ್ರೆಗೆ ನಡೀರಿ. ಕೊಟ್ಟ ಮೇಲೆ ಬಂದು ಚಪ್ಪಾಳೆ ಹೊಡೀರಂತೆ.”

ನಾಲ್ವರು ಎದ್ದರು. ಉಳಿದವರು ಅಧ್ಯಕ್ಷರ ಮುಖ ನೋಡಿದರು.

“ಅಕ್ಕಾ, ಮುಖ್ಯ ಅತಿಥಿಗಳು ದಾರೀಲಿದ್ದಾರೆ. ನಮ್ಮ ಮರ್ಯಾದೆ...”

“ಮಗುವಿನ ರಕ್ತ ತಡೆದು ನನಗೆ ಮರ್ಯಾದೆ ಮಾಡ್ತೀರಾ? ಕಮಿಟಿಯಲ್ಲಿ ಹನ್ನೊಂದು ಜನ ಇದ್ದೀರಲ್ಲ, ಒಬ್ಬರ ತಲೆಗಾದ್ರೂ ಹೊಳೀಲಿಲ್ವಾ?”

ಹುಡುಗಿಯ ತಾಯಿಯ ಸ್ಕೂಟರಿನಲ್ಲಿ ಇಬ್ಬರೂ ಬಸ್ ನಿಲ್ದಾಣ ಮುಟ್ಟಿದಾಗ ಒಂಬತ್ತಕ್ಕೆ ಒಂದು ನಿಮಿಷವಿತ್ತು. ಬಸ್ಸು ಆಗಲೇ ಹಿಂದಕ್ಕೆ ಸರಿದು ಮೂತಿ ತಿರುಗಿಸುತ್ತಿತ್ತು. ಟೈಲರಕ್ಕ ಅದರ ಮುಂದೆ ಹೋಗಿ ನಿಂತುಬಿಟ್ಟಳು.

ಕಂಡಕ್ಟರ್ ತಲೆ ಹೊರಹಾಕಿದ. “ಏನಮ್ಮಾ, ಸಾಯೋಕೆ ನಮ್ಮ ಬಸ್ಸೇ ಬೇಕಿತ್ತಾ?”

“ಸಾಯೋಕಲ್ಲಪ್ಪಾ. ಆ ಬಡಗೀನ ಇಳಿಸು.”

ಬಡಗಿ ಉಳಿ, ಸುತ್ತಿಗೆಗಳ ಚೀಲ ಹೊತ್ತು ಇಳಿದ. “ಕ್ಯಾಂಪ್ ಇಲ್ಲ ಅಂದ್ರಲ್ಲಕ್ಕಾ. ನಿಮ್ಮ ಫೋಟೋ ಬೇರೆ ಅಷ್ಟು ದೊಡ್ಡದಾಗಿ ಹಾಕಿದ್ರು. ನೀವು ಹೋಗೇಬಿಟ್ರೇನೋ ಅಂತ ಎದೆ ಧಸಕ್ಕಂತು. ಕೇಳೋಕೂ ಧೈರ್ಯ ಬರ್ಲಿಲ್ಲ.”

ಹುಡುಗಿಯ ತಾಯಿ ನಕ್ಕಳು, ಅತ್ತಳು. ಟೈಲರಕ್ಕನಿಗೆ ನಗು ಬರಲಿಲ್ಲ. ಆಸ್ಪತ್ರೆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇತ್ತು. ಮೆಟ್ಟಿಲು ಹತ್ತುವಾಗ ಫೋನ್ ಬಡಿದುಕೊಂಡಿತು. ಅಧ್ಯಕ್ಷರು.

“ಅತಿಥಿಗಳು ಬಂದು ಕೂತಿದ್ದಾರೆ ಅಕ್ಕಾ. ನಿಮ್ಮ ಕುರ್ಚಿ ಖಾಲಿ! ಈಗ ಸನ್ಮಾನ ಯಾರಿಗೆ ಮಾಡೋದು?”

“ಕುರ್ಚಿಗೇ ಮಾಡಿ,” ಎಂದಳು ಅವಳು. “ಅದಾದ್ರೆ ಎದ್ದು, ರಕ್ತ ಎಲ್ಲಿ ಅಂತ ಕೇಳಲ್ಲ.”

ಫೋನ್ ಆರಿಸಿ, ಬಡಗಿಯ ಚೀಲ ತಾನೇ ಇಸಿದುಕೊಂಡು, ಅವನನ್ನು ಒಳಗೆ ಕರೆದೊಯ್ದಳು.