ಗೊಬ್ಬರ ಕಾಣದ ಮೂಲೆ

ಹಿತ್ತಲಿನ ಆ ತುಂಡು ಮಣ್ಣು ಹೆಚ್ಚೆಂದರೆ ಒಂದು ಚಾಪೆಯಷ್ಟು. ಅಲ್ಲಿ ಮೆಣಸಿನ ಸಸಿ ನೆಡಬೇಕೆಂದು ಅತ್ತೆ, ಕಾಡುಹೂವು ಬೆಳೆಸುತ್ತೇನೆಂದು ನಾನು. ಹಠದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಕಡಿಮೆಯಲ್ಲ.

ನನ್ನ ಟೈಲರಿಂಗ್ ಅಂಗಡಿಯ ಹಿಂದಿನ ಬಯಲಿನಲ್ಲಿ, ಮಳೆ ಮುಗಿಯುತ್ತಿದ್ದಂತೆ ಗೇಣುದ್ದದ ಗಿಡಗಳ ತುಂಬ ಅಂಗಿ ಗುಂಡಿಯಷ್ಟು ನೀಲಿ ಹೂ ಅರಳುತ್ತಿತ್ತು. ಗಿಡದ ಆಯಸ್ಸು ಒಂದೇ ವರ್ಷ. ಬೀಜ ಉದುರಿಸಿ ಒಣಗಿಹೋಗುತ್ತದೆ. ಬಯಲಿಗೆ ಕಾಂಕ್ರೀಟ್ ಬೀಳುವ ಹಿಂದಿನ ದಿನ ಒಂದು ಚಿಟಿಕೆ ಬೀಜ ಆಯ್ದು ತಂದಿದ್ದೆ. ಬೇರೆಲ್ಲೂ ಆ ಹೂವನ್ನು ನಾನು ಕಂಡಿಲ್ಲ. ಇಲ್ಲಿ ಅರಳದಿದ್ದರೆ ಅದರ ಕಥೆ ಮುಗಿದಂತೆ.

"ಮಳೆ ನಿಂತು ಒಂದು ತಿಂಗಳು ನೋಡ್ತೀನಿ. ಹೂ ಬಿಡ್ಲಿಲ್ಲ ಅಂದ್ರೆ ಎಲ್ಲಾ ಕಿತ್ತು ಮೆಣಸಿನ ಸಸಿ ಹಾಕ್ತೀನಿ," ಎಂದರು ಅತ್ತೆ.

"ಆಗ್ಲಿ ಅತ್ತೆ. ಬಿಟ್ಟೇ ಬಿಡುತ್ತೆ, ನೋಡ್ತಿರಿ," ಎಂದೆ. ಇಪ್ಪತ್ತು ವರ್ಷದಿಂದ ಅಳತೆ ತಪ್ಪದ ಕೈ ನನ್ನದು. ಜಂಬ ಇದ್ದೇ ಇದೆ.

ಬೀಜ ಬಿತ್ತಿ, ಮೂಟೆ ಗೊಬ್ಬರ ತಂದು ಸುರಿದೆ. ಗಿಡಗಳು ಸೊಂಟದೆತ್ತರ ಎದ್ದವು, ಎಲೆಯೋ ಎಲೆ. ಮೊಗ್ಗು ಮಾತ್ರ ಒಂದೂ ಇಲ್ಲ. ಆದರೂ ನಾನು ಜಗ್ಗಲಿಲ್ಲ, ಇನ್ನೊಂದು ಮೂಟೆ ತಂದೆ.

ಗಡುವು ಮುಗಿದ ಬೆಳಿಗ್ಗೆ ಅತ್ತೆ ಸಸಿ, ಗುದ್ದಲಿ ಹಿಡಿದು ಬಂದೇಬಿಟ್ಟರು. ನಾನು ಅಡ್ಡ ನಿಂತೆ.

"ಇನ್ನೊಂದೇ ವಾರ ಅತ್ತೆ!"

"ಸಾಕು ಸುಮ್ನಿರು. ಮಾತು ಅಂದ್ರೆ ಮಾತು."

ನನ್ನನ್ನು ಪಕ್ಕಕ್ಕೆ ಸರಿಸಿ, ಎಲೆಗಳನ್ನು ಎತ್ತಿ ನೋಡಿದವರು ಹಾಗೇ ನಿಂತುಬಿಟ್ಟರು. ಗೋಡೆಯ ಬುಡದಲ್ಲಿ, ಇಟ್ಟಿಗೆ ಚೂರು ತುಂಬಿದ ಮೂಲೆಯಲ್ಲಿ ಮೂರು ಬಡಕಲು ಗಿಡಗಳು. ಗೊಬ್ಬರ ಅಲ್ಲಿಗೆ ತಲುಪಿರಲಿಲ್ಲ, ನಾನು ತಿರುಗಿಯೂ ನೋಡಿರಲಿಲ್ಲ. ಮೂರರ ಮೈತುಂಬ ನೀಲಿ.

ನನಗೆ ಅಳುವೇ ಬಂತು, ಅರ್ಧ ಖುಷಿಗೆ, ಅರ್ಧ ನಾಚಿಕೆಗೆ. "ನಾನೇ ತಿನ್ನಿಸಿ ತಿನ್ನಿಸಿ ಕೆಡಿಸಿದೆ ಅತ್ತೆ."

"ಕೆಡಿಸ್ದೆ," ಎಂದು ಅತ್ತೆ ಒಪ್ಪಿಕೊಂಡರು. "ಬೀಜ ಎಷ್ಟು ದೂರ ಬೀಳುತ್ತೆ?"

"ಕಾಯಿ ಸಿಡಿದ್ರೆ ಒಂದು ಮಾರು."

ಅತ್ತೆ ಕಣ್ಣಲ್ಲೇ ನೆಲ ಅಳೆದರು. ಆಮೇಲೆ ನನ್ನ ಕೊಬ್ಬಿದ ಗಿಡಗಳನ್ನೆಲ್ಲ ಕಿತ್ತು, ಗೊಬ್ಬರದ ಮಣ್ಣನ್ನು ಪೂರ್ತಿ ಕೆತ್ತಿ ಒಡಕು ಬಕೆಟ್ಟುಗಳಿಗೆ ತುಂಬಿ, ಮೆಣಸಿನ ಸಸಿಗಳನ್ನು ಅದರಲ್ಲಿ ನೆಟ್ಟರು. ಕೆಳಗೆ ಬರೀ ಕಲ್ಲುಮಣ್ಣು ಉಳಿಯಿತು.

"ನಾನು ಸೋತೆ ಅಂದ್ಕೋಬೇಡ," ಎಂದರು ಸೊಂಟ ನೀವಿಕೊಳ್ಳುತ್ತಾ. "ಬೀಜ ಬೀಳೋಕೆ ಜಾಗ ಬೇಕಲ್ಲ. ಇನ್ಮೇಲೆ ಇಲ್ಲಿಗೆ ಗೊಬ್ಬರ ತಂದ್ರೆ ಕೈ ಮುರೀತೀನಿ ನೋಡು."