ಏನಾಗಬೇಕು?

ಶೆಟ್ಟೆವ್ವ ಜೈಲಿಗೆ ಹೋದರೆ ತಂಗಿ ಶಿವಾನಿ ಬಚಾವಾದಾಳು. ಎರಡು ಸಾವಿರದ ಮೂರನೇ ಇಸ್ವಿಯಲ್ಲಿ ದುರ್ಗವ್ವ ಕೋರ್ಟಿನ ಮೆಟ್ಟಿಲು ಹತ್ತಿದ್ದು ಇದೊಂದೇ ಆಸೆಯಿಂದ. ತನ್ನದಂತೂ ಆಗಿಹೋಗಿತ್ತು. ಸಾಂಗ್ಲಿ ಕಡೆ ಅಡಿಗೆ ಕೆಲಸ ಕೊಡಿಸುತ್ತೇನೆಂದು ಕರೆದೊಯ್ದ ಶೆಟ್ಟೆವ್ವ ಅವಳನ್ನು ದಂಧೆಯ ಮನೆಯೊಂದಕ್ಕೆ ಮಾರಿ ಬಂದಿದ್ದಳು. ಪೊಲೀಸರು ದಾಳಿ ಮಾಡಿ ಬಿಡಿಸಿದರು. ಬಿಡಿಸಿ, ಒಂದು ಆಶ್ರಯದ ಮನೆಯಲ್ಲಿ ಕೀಲಿ ಹಾಕಿ ಇಟ್ಟರು. ಅಲ್ಲಿ ಊದಿನಕಡ್ಡಿ ಹೊಸೆಯಲು ಕಲಿಸಿದರು. ನಾಲತವಾಡದ ಮಗ್ಗುಲಿನ ಅವಳ ಹಳ್ಳಿಯಲ್ಲಿ ಆ ಕೆಲಸ ಯಾರು ಕೊಡುತ್ತಾರೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಸಾಕ್ಷಿಕಟ್ಟೆಯಲ್ಲಿ ಶೆಟ್ಟೆವ್ವನ ವಕೀಲರು ಮೆತ್ತಗೆ ಶುರುಮಾಡಿದರು.

"ಶೆಟ್ಟೆವ್ವ ನಿನಗ ಏನಾಗಬೇಕವಾ?"

"ಅತ್ತಿ ಆಗಬೇಕ್ರಿ."

ಸುಳ್ಳೇನಲ್ಲ. ಅವರ ಊರಲ್ಲಿ ಒಬ್ಬರಿಗೊಬ್ಬರು ಏನೂ ಆಗದವರೇ ಇಲ್ಲ. ಗಿರಣಿಯ ದಾವಲಮಲಿಕ ಕಾಕಾ, ಬಳೆ ಮಾರುವ ಸಗೀರಾ ಚಿಗವ್ವ, ಹಿಂದಿನ ಓಣಿಯ ಶೆಟ್ಟೆವ್ವ ಅತ್ತಿ. ಆದರೆ ಮೈಸೂರು ಕಡೆಯಿಂದ ಬಂದ ನ್ಯಾಯಾಧೀಶರು 'ಸಂಬಂಧದಲ್ಲಿ ಅತ್ತೆ' ಎಂದು ಬರೆಸಿದರು.

"ಸಾಂಗ್ಲಿ ಬಸ್ಸಿನ್ಯಾಗ ಚೀರಿದೇನು?"

"ಯಾಕ ಚೀರ್ಲಿರಿ? ಕೆಲಸಕ್ಕ ಹೊಂಟೇನಿ ಅಂತ ತಿಳದಿದ್ದೆ. ಚುರಮರಿ ಕೊಡಿಸಿದ್ಲು, ತಿಂದೆ."

ಹಿಂದೆ ಕೂತವರು ನಕ್ಕರು.

"ನೋಡ್ರಿ ಸಾಹೇಬ್ರ, ಸ್ವಂತ ಅತ್ತಿ ಸಂಗಾಟ ಖುಷೀಲೆ ಚುರಮರಿ ತಿಂತ ಹೋದಾಕಿ."

"ಸ್ವಂತ ಅಲ್ರಿ, ನಮ್ಮ ಊರಾಗ ಹಂಗ ಅಂತೇವ್ರಿ…"

"ಕೇಳಿದ್ದಕ್ಕಷ್ಟೇ ಹೇಳಮ್ಮಾ," ಎಂದರು ನ್ಯಾಯಾಧೀಶರು.

ಸರಕಾರಿ ವಕೀಲರು ಮುಂದಿನ ಕೇಸಿನ ಫೈಲು ಹುಡುಕುತ್ತಿದ್ದರು. ಸಾಂಗ್ಲಿಯಿಂದ ಸಾಕ್ಷಿಗೆ ಪೊಲೀಸರು ಯಾರೂ ಬಂದಿರಲಿಲ್ಲ, ಅವರಿಗೆ ಸಮನ್ಸೇ ಮುಟ್ಟಿರಲಿಲ್ಲವಂತೆ. ಯುಗಾದಿಯ ಹೊತ್ತಿಗೆ ತೀರ್ಪು ಬಂತು. ಆರೋಪ ಸಾಬೀತಾಗಲಿಲ್ಲ, ಶೆಟ್ಟೆವ್ವ ಬಿಡುಗಡೆ.

ತೀರ್ಪಿನ ದಿನ, ಕೋರ್ಟಿದ್ದ ಮುದ್ದೇಬಿಹಾಳದಿಂದ ಊರಿಗೆ ಆ ಹೊತ್ತಿನಲ್ಲಿ ಇದ್ದದ್ದು ಒಂದೇ ಬಸ್ಸು. ದುರ್ಗವ್ವ ಹತ್ತಿದರೆ ಶೆಟ್ಟೆವ್ವ ಆಗಲೇ ಕಿಟಕಿಯ ಬದಿಗೆ ಕೂತಿದ್ದಳು. ಸೆರಗು ಎಳೆದುಕೊಂಡು ಜಾಗ ಮಾಡಿದಳು.

"ಬಾ, ಕೂಡು. ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲವಾ." ಬಸ್ಸು ಹೊರಟ ಮೇಲೆ ಮತ್ತೆ ಕೇಳಿದಳು, "ನಿಮ್ಮ ಶಿವಾನಿ ಈಗ ಎಷ್ಟನೇ ಕ್ಲಾಸ್ ಅದಾಳ?"

ದುರ್ಗವ್ವ ಊರಿನ ತನಕ ನಿಂತೇ ಬಂದಳು.

ಮನೆಯಲ್ಲಿ ತಾಯಿ ಬಾಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಶೇಂಗಾ ಸುಲಿಯುತ್ತಿದ್ದ ಶಿವಾನಿ ತಲೆಯೆತ್ತಿದಳು.

"ಅಕ್ಕಾ, ಶೆಟ್ಟೆವ್ವತ್ತೀನ ಬಿಟ್ಟ್ರಂತಲ್ಲ. ಹಂಗಾರ ಆಕೀದು ತಪ್ಪಿಲ್ಲೇನು?"

ದುರ್ಗವ್ವನ ಕಥೆಯನ್ನು ಕೋರ್ಟು ಬಸ್ಸಿನ ತನಕ ಮಾತ್ರ ಕೇಳಿತ್ತು. ಅದರ ಮುಂದಿನದನ್ನು ಅವಳು ಪೊಲೀಸರಿಗೆ ಹೇಳಿದ್ದಳು, ಅದು ಅವರ ಕಾಗದದೊಳಗೇ ಉಳಿದಿತ್ತು. ಮನೆಯಲ್ಲಿ ಹೇಳಲು ತಾಯಿ ಒಂದು ದಿನವೂ ಬಿಟ್ಟಿರಲಿಲ್ಲ. ದುರ್ಗವ್ವ ತಂಗಿಯ ಎದುರಿಗೆ ಕೂತಳು.

"ಬಸ್ ಇಳದ ಮ್ಯಾಲ ಏನಾತು ಹೇಳ್ತೇನಿ, ಕೇಳು."

"ಸಣ್ಣ ಹುಡುಗಿ ಮುಂದ ಅದೆಲ್ಲಾ ಬ್ಯಾಡ," ಎಂದಳು ಬಾಳಮ್ಮ.

"ಸಣ್ಣಾಕಿ ಅದಾಳಂತನ ಹೇಳಾಕತ್ತೇನಿ ಯವ್ವಾ."

ಬಾಳಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲು ಹಾಕಲು ಹೋದಳು. ಹೊರಗೆ ಕಟ್ಟೆಯ ಮೇಲೆ ಓಣಿಯ ಹೆಂಗಸರು ಜೋಳ ಹಸನು ಮಾಡುತ್ತಿದ್ದರು, ಒಬ್ಬಿಬ್ಬರ ಪಕ್ಕದಲ್ಲಿ ಅವರ ಹುಡುಗಿಯರೂ ಇದ್ದರು.

"ತೆರೆದ ಇರ್ಲಿ ಬಿಡು," ಎಂದು ದುರ್ಗವ್ವ ದನಿ ಸ್ವಲ್ಪ ಎತ್ತರಿಸಿದಳು. "ಸಾಂಗ್ಲಿ ಸ್ಟ್ಯಾಂಡಿನ್ಯಾಗ ಇಳದ್ವಿ. ಅಲ್ಲಿ ಒಬ್ಬಾವ ನಮ್ಮ ಹಾದಿ ನೋಡ್ಕೋತ ನಿಂತಿದ್ದ. ಮದಲ ನನಗ ಚಾ ಕುಡಿಸಿದ…"